ಕಟ್ಟಡಕ್ಕೆ ಕೋಟಿ, ಅರ್ಜಿಗೆ ಆಳಿಲ್ಲ

ಕಳೆದ ಸಲ ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಕಡೆಯ ಒಂದು ಕಾಲೇಜಿನ ಹೊಸ ಬ್ಲಾಕಿನ ಉದ್ಘಾಟನೆಗೆ ಹೋಗಿದ್ದೆ. ವೇದಿಕೆಯಲ್ಲಿ ಎರಡು ಸಾಲು ಕುರ್ಚಿ. ದಾನಿಗಳಿಗೆಲ್ಲ ಶಾಲು, ಹಾರ, ಗಾಜಿನ ಸ್ಮರಣಿಕೆ. ನಾನೂ ಹತ್ತು ಸಾವಿರ ರೂಪಾಯಿ ಕೊಟ್ಟಿದ್ದೆ. ಮೈಕಿನಲ್ಲಿ ನನ್ನ ಹೆಸರು ಓದಿದಾಗ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಪಕ್ಕದಲ್ಲಿ ಕುಳಿತಿದ್ದ ಚಿಕ್ಕಮ್ಮನ ಮಗಳು ಆಗ ಮೆಲ್ಲನೆ ಹೇಳಿದಳು: "ಇವತ್ತು ಹೊದಿಸಿದ ಶಾಲುಗಳ ದುಡ್ಡಲ್ಲಿ ನನ್ನ ಒಂದು ವರ್ಷದ ಕೆಲಸ ಆಗುತ್ತಿತ್ತು."

ಅವಳು ಇನ್ನೊಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಉಪನ್ಯಾಸಕಿ. ಬೀಡಿ ಕಟ್ಟುವ ನಮ್ಮ ಹೆಂಗಸರ ಮಾತು, ಹಾಡು, ಕೆಲಸದ ಕಥೆಗಳನ್ನು ಬ್ಯಾರಿ ಭಾಷೆಯಲ್ಲೇ ದಾಖಲಿಸಬೇಕು ಎಂಬುದು ಅವಳ ಯೋಜನೆಯಾಗಿತ್ತು. ಬಂಟ್ವಾಳದಿಂದ ಪುತ್ತೂರಿನವರೆಗೆ ನಲವತ್ತು ಮನೆಗಳನ್ನು ಗುರುತು ಮಾಡಿಟ್ಟಿದ್ದಳು. ಆ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮ ಅಜ್ಜಿಯದು, ಉಮ್ಮನ ತಾಯಿಯದು. ಅಜ್ಜಿ ಐವತ್ತು ವರ್ಷ ಬೀಡಿ ಕಟ್ಟಿದವರು, ಮದುವೆ ಮನೆಗಳಲ್ಲಿ ಮೈಲಾಂಜಿ ಪಾಟ್ ಹಾಡುತ್ತಿದ್ದವರು. ಅನುದಾನಕ್ಕೆ ಅರ್ಜಿ ಕರೆದಿದ್ದರು. ಅವಳು ಎರಡು ತಿಂಗಳು ರಾತ್ರಿ ಕುಳಿತು ಬರೆದಳು. ಕೊನೆಗೆ ಸಂಸ್ಥೆಯ ಶಿಫಾರಸು ಪತ್ರಕ್ಕೆ ಆಡಳಿತ ಮಂಡಳಿಯ ಒಂದು ಸಹಿ ಬೇಕಿತ್ತು. ಸಹಿ ಮಾಡಬೇಕಾದವರು ವಿದೇಶದಲ್ಲಿದ್ದರು. "ಬಂದ ಮೇಲೆ ನೋಡುವಾ" ಎಂದರು. ಅರ್ಜಿಯ ಗಡುವು ಸಂಜೆ ಐದು ಗಂಟೆಗೆ ಮುಗಿಯಿತು. ಸಹಿ ಮೂರು ದಿನ ಬಿಟ್ಟು ಬಂತು.

ಮುಂದಿನ ವರ್ಷ ಅರ್ಜಿ ಕರೆಯುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಈಗ ನಮ್ಮ ಹತ್ತಿರ ಇರುವುದು ಮೊಬೈಲಿನಲ್ಲಿ ಹಿಡಿದ ಹನ್ನೊಂದು ನಿಮಿಷದ ಒಂದು ಧ್ವನಿ. ಅದರಲ್ಲೂ ಅರ್ಧ ಭಾಗ ಅಡುಗೆಮನೆಯ ಮಿಕ್ಸಿಯ ಸದ್ದು. ತಂಗಿ ಮತ್ತೆ ಅರ್ಜಿ ಹಾಕಲಿಲ್ಲ.

ಇದನ್ನು ಬರೆಯುವ ನಾನು ಪ್ರೊಫೆಸರ್ ಅಲ್ಲ, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಉಪ್ಪನದು ದಿನಸಿ ಅಂಗಡಿ. ನಾನಿರುವುದು ಕೊಯಮತ್ತೂರು ಜಿಲ್ಲೆಯ ನೆಗಮಂನಲ್ಲಿ, ಪೊಳ್ಳಾಚಿಯ ಹತ್ತಿರ. ಸುತ್ತ ತೆಂಗಿನ ತೋಟ, ತೋಟದ ನಡುವೆ ನಾರಿನ ಕಾರ್ಖಾನೆ. ಸಿಪ್ಪೆಯಿಂದ ನಾರು ಬಿಡಿಸುವ ಯಂತ್ರ, ತೆಂಗಿನ ಪುಡಿಯನ್ನು ಇಟ್ಟಿಗೆ ಮಾಡುವ ಹೈಡ್ರಾಲಿಕ್ ಪ್ರೆಸ್ಸು, ಇವುಗಳ ರಿಪೇರಿ ನನ್ನ ಕೆಲಸ. ಹಾಗಾದರೆ ಸಂಶೋಧನೆಯ ಬಗ್ಗೆ ಮಾತಾಡಲು ಇವನಾರು ಎಂದು ನೀವು ಕೇಳಬಹುದು. ಇಲ್ಲಿ ನಡೆದ ಒಂದು ಸಂಗತಿಯಿಂದಲೇ ನನಗೆ ಈ ವಿಷಯದ ಒಳಹೊರಗು ತಿಳಿದದ್ದು.

ಮೂರು ವರ್ಷದ ಹಿಂದೆ ಈ ಕಡೆಯ ಒಂದು ಕಾಲೇಜಿನ ಮೇಷ್ಟ್ರು ನಮ್ಮ ವರ್ಕ್‌ಶಾಪಿಗೆ ಬಂದರು. ತೆಂಗಿನ ಪುಡಿಯನ್ನು ಮಳೆಗಾಲದಲ್ಲಿ ಕಡಿಮೆ ಖರ್ಚಿನಲ್ಲಿ ಒಣಗಿಸುವ ಒಂದು ಡ್ರೈಯರ್ ಮಾಡಬೇಕೆಂದು ಅವರ ಆಸೆ. ವಿಷಯ ಒಳ್ಳೆಯದು, ಬೇಕಾದದ್ದೂ ಹೌದು. ಆದರೆ ಅರ್ಜಿಯಲ್ಲಿ ಯಂತ್ರದ ಖರ್ಚು ಎಂಬಲ್ಲಿ ಒಂದೇ ಸಾಲು ಬರೆದಿದ್ದರು: "ಉಪಕರಣ, ಎಂಟು ಲಕ್ಷ". ಯಾವ ಮೋಟಾರು, ಎಷ್ಟು ಅಶ್ವಶಕ್ತಿ, ಎಷ್ಟು ಮೀಟರ್ ಶೀಟು, ಯಾರ ಕೊಟೇಶನ್, ಏನೂ ಇಲ್ಲ. ನಾನು ಒಂದು ಭಾನುವಾರ ಕುಳಿತು ಲೆಕ್ಕ ಮಾಡಿಕೊಟ್ಟೆ. ಮೂರು ಕಡೆಯ ಕೊಟೇಶನ್ ತರಿಸಿದೆ. ಎಂಟು ಲಕ್ಷ ಐದೂಕಾಲಕ್ಕೆ ಇಳಿಯಿತು. ಉಳಿದದ್ದರಲ್ಲಿ ಒಬ್ಬ ಹುಡುಗನಿಗೆ ಒಂದು ವರ್ಷದ ಸಂಬಳ ಬರೆದರು. ಆ ಅರ್ಜಿ ಮಂಜೂರಾಯಿತು. ಡ್ರೈಯರ್ ಈಗ ನಮ್ಮ ಹಿಂದಿನ ಶೆಡ್ಡಿನಲ್ಲೇ ಓಡುತ್ತಿದೆ.

ನಾನು ಮಾಡಿದ್ದು ಸಂಶೋಧನೆ ಅಲ್ಲ, ಅಂಗಡಿ ಲೆಕ್ಕ. ಆ ಮೇಷ್ಟ್ರು ತಮ್ಮ ವಿಷಯದಲ್ಲಿ ನನಗಿಂತ ನೂರು ಪಾಲು ಬಲ್ಲವರು. ಅವರಿಗೆ ಇಲ್ಲದಿದ್ದದ್ದು ಪಕ್ಕದಲ್ಲಿ ಕುಳಿತು "ಸಾರ್, ಇಲ್ಲಿ ವಿವರ ಬೇಕು" ಎನ್ನುವ ಒಬ್ಬ ಮನುಷ್ಯ. ನಮ್ಮ ತಂಗಿಗೆ ಇಲ್ಲದಿದ್ದದ್ದೂ ಅದೇ.

ನಮ್ಮ ಹಲವು ಮನೆಗಳಲ್ಲಿ ಈಗ ಕಾಲೇಜು ಉಪನ್ಯಾಸಕರಿದ್ದಾರೆ, ಪಿಎಚ್‌ಡಿ ಮಾಡಿದ ಹೆಣ್ಣುಮಕ್ಕಳಿದ್ದಾರೆ. ಅವರ ಕೆಲಸ ಬರೀ ಪಾಠ ಎಂದು ನಾವು ತಿಳಿದಿದ್ದೇವೆ. ಸಂಶೋಧನಾ ಅರ್ಜಿ ಎಂದರೆ ಏನೆಂದು ಕುಟುಂಬಕ್ಕೂ ಗೊತ್ತಿಲ್ಲ, ಆಡಳಿತ ಮಂಡಳಿಗೂ ಗೊತ್ತಿಲ್ಲ. ನಾನು ಕಂಡಂತೆ ಹೇಳುತ್ತೇನೆ. ಮೊದಲು ಯಾವ ಸಂಸ್ಥೆ ಯಾವ ವಿಷಯಕ್ಕೆ ಯಾವ ತಿಂಗಳಲ್ಲಿ ಅರ್ಜಿ ಕರೆಯುತ್ತದೆ ಎಂದು ಗೊತ್ತಿರಬೇಕು. ತಮ್ಮ ಕಾಲೇಜು ಅರ್ಹವೇ ಎಂದು ನೋಡಬೇಕು. ಯುಜಿಸಿ ಕಾಯ್ದೆಯ 12ಬಿ ಮಾನ್ಯತೆ ಇದೆಯೇ, ಖಾಸಗಿ ವಿಜ್ಞಾನ ಸಂಸ್ಥೆಯಾದರೆ ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ ನೋಂದಣಿ ಇದೆಯೇ ಎಂಬುದರ ಮೇಲೆ ಎಷ್ಟೋ ಬಾಗಿಲು ತೆರೆಯುತ್ತದೆ, ಎಷ್ಟೋ ಮುಚ್ಚುತ್ತದೆ. ನಂತರ ಪ್ರಶ್ನೆಯನ್ನು ಚೊಕ್ಕ ಮಾಡಬೇಕು, ಹಿಂದೆ ಯಾರು ಏನು ಮಾಡಿದ್ದಾರೆ ಎಂದು ಬರೆಯಬೇಕು, ತಿಂಗಳುವಾರು ಕೆಲಸದ ಪಟ್ಟಿ ಕೊಡಬೇಕು. ಖರ್ಚನ್ನು ಉಪಕರಣ, ಸಹಾಯಕರ ಸಂಬಳ, ಪ್ರಯಾಣ, ಸಾದಿಲ್ವಾರು ಎಂದು ಬೇರೆ ಬೇರೆ ಬಿಡಿಸಬೇಕು. ಜನರನ್ನು ಸಂದರ್ಶನ ಮಾಡುವುದಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸಂಸ್ಥೆಯ ಮುಖ್ಯಸ್ಥರ ಸಹಿ ಬೇಕು.

ಹಣ ಬಂದ ಮೇಲೂ ಮುಗಿಯಲಿಲ್ಲ. ಖರ್ಚಾದದ್ದಕ್ಕೆ ಬಳಕೆ ಪ್ರಮಾಣಪತ್ರ ಕೊಡಬೇಕು. ಕೇಂದ್ರದ 2017ರ ಹಣಕಾಸು ನಿಯಮಗಳಲ್ಲಿ ಅದಕ್ಕೆ 12-ಎ ಎಂಬ ನಮೂನೆಯೇ ಇದೆ. ಅದು ಸರಿಯಾದ ಹೊತ್ತಿಗೆ ಹೋಗದಿದ್ದರೆ ಎರಡನೇ ಕಂತು ನಿಲ್ಲುತ್ತದೆ. ಕಂತು ನಿಂತರೆ ಕೆಲಸಕ್ಕಿಟ್ಟ ಹುಡುಗಿಗೆ ಸಂಬಳ ಇಲ್ಲ. ಅವಳು ಬಿಟ್ಟು ಹೋಗುತ್ತಾಳೆ, ಯೋಜನೆ ಕುಂಟುತ್ತದೆ. ವಾರಕ್ಕೆ ಹದಿನಾರು ಹದಿನೆಂಟು ಗಂಟೆ ಪಾಠ, ಪರೀಕ್ಷೆ ಕೆಲಸ, ನ್ಯಾಕ್ ಕಡತ ಎಲ್ಲ ಮುಗಿಸಿ ಒಬ್ಬ ಉಪನ್ಯಾಸಕಿ ಇದನ್ನೆಲ್ಲ ಒಂಟಿಯಾಗಿ ಮಾಡಬೇಕು ಎನ್ನುವುದು ಯಾವ ನ್ಯಾಯ? ಅಂಗಡಿಯಲ್ಲಿ ಕೂಡ ಮಾಲು ಮಾರುವವನು ಬೇರೆ, ಲೆಕ್ಕ ಬರೆಯುವವನು ಬೇರೆ ಇರುತ್ತಾನಲ್ಲ.

ಹಣವೇ ಇಲ್ಲ ಎನ್ನುವವರಿಗೆ ಒಂದು ಮಾತು. ಹಣ ಸಾಲದು ಎಂಬುದು ನಿಜ. ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡುವುದು ಒಟ್ಟು ಉತ್ಪನ್ನದ 0.64 ಶೇಕಡಾ ಎಂದು ಸರ್ಕಾರದ 2020-21ರ ಲೆಕ್ಕವೇ ಹೇಳುತ್ತದೆ. ಆದರೆ 2023ರಲ್ಲಿ ಸಂಸತ್ತು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ ಮಾಡಿತು. ಐದು ವರ್ಷಕ್ಕೆ 50 ಸಾವಿರ ಕೋಟಿ ರೂಪಾಯಿಯ ಅಂದಾಜು ಹಾಕಿದರು. ಅದರಲ್ಲಿ ಸುಮಾರು 36 ಸಾವಿರ ಕೋಟಿ ಸರ್ಕಾರದ ಹೊರಗಿನಿಂದ, ಅಂದರೆ ಉದ್ಯಮ ಮತ್ತು ದಾನಿಗಳಿಂದ ಬರಬೇಕೆಂದು ಲೆಕ್ಕ. ಸಮಾಜ ವಿಜ್ಞಾನಕ್ಕೆ ಐಸಿಎಸ್‌ಎಸ್‌ಆರ್ ಇದೆ. ಕರ್ನಾಟಕದ ಕಾಲೇಜುಗಳ ವಿಜ್ಞಾನ ವಿಭಾಗಗಳಿಗೆ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ದೃಷ್ಟಿ ಸಮೂಹದ ಯೋಜನೆಗಳಿವೆ. ಈ ಹಣ ಯಾರಿಗೆ ಹೋಗುತ್ತದೆ? ಅರ್ಜಿ ಬರೆಯಲು ಕಚೇರಿ, ಸಿಬ್ಬಂದಿ ಇರುವ ದೊಡ್ಡ ಸಂಸ್ಥೆಗಳಿಗೇ ಹೆಚ್ಚು ಹೋಗುತ್ತದೆ. ಕಚೇರಿ ಇಲ್ಲದ ಸಣ್ಣ ಕಾಲೇಜಿನವರು ದೂರದಿಂದ ನೋಡುತ್ತಾರೆ.

ನಮ್ಮ ಭಾಷೆಯ ಮಟ್ಟಿಗಂತೂ ಈ ವಿಷಯ ಇನ್ನೂ ಗಂಭೀರ. ಅಳಿವಿನಂಚಿನ ಭಾಷೆಗಳ ರಕ್ಷಣೆಗೆ ಕೇಂದ್ರ ಸರ್ಕಾರ 2013ರಲ್ಲಿ ಒಂದು ಯೋಜನೆ ಶುರುಮಾಡಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಅದನ್ನು ನಡೆಸುತ್ತದೆ. ಆದರೆ ಅದು 10 ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳಿಗೆ. ನಾವು ಅದಕ್ಕಿಂತ ಎಷ್ಟೋ ಹೆಚ್ಚು ಇದ್ದೇವೆ, ಹಾಗಾಗಿ ಅಲ್ಲಿ ನಮಗೆ ಜಾಗ ಇಲ್ಲ. ಎಂಟನೇ ಪರಿಚ್ಛೇದದ ಭಾಷೆಗಳಿಗೆ ಬೇರೆ ಸೌಲಭ್ಯಗಳಿವೆ, ಅಲ್ಲಿಯೂ ನಮಗೆ ಜಾಗ ಇಲ್ಲ. ತೀರಾ ಸಣ್ಣದೂ ಅಲ್ಲದ, ದೊಡ್ಡದೂ ಅಲ್ಲದ ಭಾಷೆಗೆ ದಾರಿ ಒಂದೇ. ನಮ್ಮ ಅಧ್ಯಾಪಕರು ಸಾಮಾನ್ಯ ಅನುದಾನಗಳಲ್ಲಿ ಉಳಿದವರ ಜೊತೆ ಸ್ಪರ್ಧೆ ಮಾಡಿ ಗೆಲ್ಲಬೇಕು. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು, ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಬ್ಯಾರಿ ಅಧ್ಯಯನ ಪೀಠ ಬಂತು. 'ಬ್ಯಾರಿ' ಚಿತ್ರ 2011ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ ಒಂದು ಚಿತ್ರದ ಜೊತೆ ಹಂಚಿಕೊಂಡಿತು. ಒಳ್ಳೆಯದೇ. ಆದರೆ ಅಕಾಡೆಮಿ, ಪೀಠ ಇದೆ ಎಂದು ನಾವು ಕೈಕಟ್ಟಿ ಕುಳಿತರೆ ನಲವತ್ತು ಮನೆಗಳಿಗೆ ಹೋಗಿ ಹಾಡು ದಾಖಲಿಸುವವರು ಯಾರು?

ಇದು ಆಗದ ಕೆಲಸ ಅಲ್ಲ ಎನ್ನಲು ಸಾಕ್ಷಿ ದೂರದಲ್ಲಿಲ್ಲ, ಉಡುಪಿಯಲ್ಲೇ ಇದೆ. ಎಂಜಿಎಂ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಒಂದು ಪದವಿ ಕಾಲೇಜಿನಲ್ಲಿ ಕುಳಿತು ಏನು ಮಾಡಿದರು ನೋಡಿ. ಅಲ್ಲಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ತುಳು ನಿಘಂಟಿನ ಯೋಜನೆ ನಡೆಯಿತು, ರಾಜ್ಯ ಸರ್ಕಾರದ ನೆರವು ಬಂತು. ಯು.ಪಿ. ಉಪಾಧ್ಯಾಯರು ಪ್ರಧಾನ ಸಂಪಾದಕರಾಗಿ 1988ರಿಂದ 1997ರ ನಡುವೆ ಆರು ಸಂಪುಟ ಹೊರಬಂದವು. ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರಕ್ಕೆ ಫೋರ್ಡ್ ಪ್ರತಿಷ್ಠಾನದ ಹಣ ತರಿಸಿದರು. ಫಿನ್ಲೆಂಡಿನ ವಿದ್ವಾಂಸರ ಸಂಪರ್ಕ ಬೆಳೆಯಿತು. 1990ರ ಡಿಸೆಂಬರಿನಲ್ಲಿ ಲೌರಿ ಹೊಂಕೊ ಅವರ ತಂಡ ಉಜಿರೆ ಹತ್ತಿರದ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ದಾಖಲಿಸಿತು. ನಮ್ಮದೇ ಜಿಲ್ಲೆಯ ಅಧ್ಯಾಪಕರಾದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಆ ತಂಡದಲ್ಲಿದ್ದರು. 15 ಸಾವಿರಕ್ಕೂ ಹೆಚ್ಚು ಸಾಲುಗಳ ಆ ಕಾವ್ಯ 1998ರಲ್ಲಿ ಹೆಲ್ಸಿಂಕಿಯಿಂದ ಅಚ್ಚಾಗಿ ಜಗತ್ತಿನ ಮುಂದೆ ನಿಂತಿತು. ಓದುಬರಹದ ಲೋಕದ ಹೊರಗಿದ್ದ ಒಬ್ಬ ಹಾಡುಗಾರರ ಹಾಡು.

ನಮ್ಮ ಅಜ್ಜಿಯರ ಹಾಡು ಅದಕ್ಕಿಂತ ಕಡಿಮೆಯದೇ? ಗೋಪಾಲ ನಾಯ್ಕರ ಹಾಡು ಉಳಿಯಿತು, ನಮ್ಮ ಅಜ್ಜಿಯದು ಮಿಕ್ಸಿಯ ಸದ್ದಿನಲ್ಲಿ ಹೋಯಿತು. ವ್ಯತ್ಯಾಸ ಹಾಡಿನಲ್ಲಿ ಇರಲಿಲ್ಲ. ಒಂದು ಕಡೆ ಅಧ್ಯಾಪಕರಿಗೆ ಯೋಜನೆ ರೂಪಿಸಿ, ಪತ್ರ ಬರೆದು, ಸಹಿ ಹಾಕಿ, ಹಣ ತಂದುಕೊಡುವ ಪ್ರಾಂಶುಪಾಲರಿದ್ದರು. ಇನ್ನೊಂದು ಕಡೆ "ಬಂದ ಮೇಲೆ ನೋಡುವಾ" ಇತ್ತು. ಇನ್ನೊಂದು ಮಾತನ್ನೂ ನಾವು ಸ್ವಲ್ಪ ನಾಚಿಕೆಯಿಂದಲೇ ಹೇಳಬೇಕು. ಬ್ಯಾರಿ ಮಾತನ್ನು ಭಾಷಾಶಾಸ್ತ್ರದ ರೀತಿಯಲ್ಲಿ ಮೊದಮೊದಲು ಅಭ್ಯಾಸ ಮಾಡಿದವರಲ್ಲಿ ಒಬ್ಬರು ಸುಶೀಲಾ ಪಿ. ಉಪಾಧ್ಯಾಯ. ಅವರು ಹುಟ್ಟಿನಿಂದ ಬ್ಯಾರಿ ಅಲ್ಲ. ಅವರಿಗೆ ನಾವು ಋಣಿಗಳು. ಆದರೆ ನಮ್ಮ ಮಕ್ಕಳಿಗೆ ನಾವು ಕೊಟ್ಟದ್ದೇನು?

ವ್ಯಾಪಾರಿಗಳ ಸಮುದಾಯಕ್ಕೆ ಇದೆಲ್ಲ ಹಿಡಿಸುವುದಿಲ್ಲ ಎನ್ನುವವರೂ ಇದ್ದಾರೆ. ಬ್ಯಾರಿ ಎಂಬ ಹೆಸರೇ ತುಳುವಿನ ಬ್ಯಾರ, ಅಂದರೆ ವ್ಯಾಪಾರದಿಂದ ಬಂತು ಎಂದು ಹಲವರು ಹೇಳುತ್ತಾರೆ. ಅವರೆಲ್ಲ ಒಮ್ಮೆ ಕೊಯಮತ್ತೂರಿಗೆ ಬಂದು ನೋಡಲಿ. ಪೀಳಮೇಡಿನ ಪಿ.ಎಸ್. ಗೋವಿಂದಸ್ವಾಮಿ ನಾಯ್ಡು ಅವರ ನಾಲ್ಕು ಮಕ್ಕಳು ಆಸ್ತಿ ಪಾಲು ಮಾಡುವಾಗ ಐದು ಪಾಲು ಮಾಡಿದರು. ಐದನೆಯದು ಧರ್ಮಕ್ಕೆ. 1926ರಲ್ಲಿ ಶುರುವಾದ ಆ ಟ್ರಸ್ಟಿನಿಂದಲೇ ಇವತ್ತಿನ ಪಿಎಸ್‌ಜಿ ಸಂಸ್ಥೆಗಳೆಲ್ಲ ಬೆಳೆದದ್ದು. ಇಲ್ಲಿನ ಗಿರಣಿ ಮಾಲೀಕರು ಕಟ್ಟಡದಲ್ಲೇ ನಿಲ್ಲಲಿಲ್ಲ. ನೂಲಿನ ಸಮಸ್ಯೆಗಳನ್ನು ಬಿಡಿಸಲು 1956ರಲ್ಲಿ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘ, ಅಂದರೆ ಸಿಟ್ರಾ ಕಟ್ಟಿದರು. ಗಿರಣಿಗಳು ಹಣ ಹಾಕಿದವು, ಕೇಂದ್ರವೂ ಕೈಜೋಡಿಸಿತು. ಅವರೂ ವ್ಯಾಪಾರಿಗಳೇ. ಸಂಶೋಧನೆಗೆ ಹಾಕುವ ರೂಪಾಯಿ ಖರ್ಚಲ್ಲ, ಬಂಡವಾಳ ಎಂದು ಅವರಿಗೆ ಗೊತ್ತಿತ್ತು.

ನೆಗಮಂನ ತೆಂಗಿನ ತೋಟ ನೋಡುವಾಗಲೂ ನನಗೆ ಊರೇ ನೆನಪಾಗುತ್ತದೆ. ಮದ್ರಾಸ್ ಸರ್ಕಾರ 1916ರಲ್ಲಿ ಕಾಸರಗೋಡು, ನೀಲೇಶ್ವರ ಕಡೆಯಲ್ಲಿ ತೆಂಗಿನ ಸಂಶೋಧನಾ ಕೇಂದ್ರಗಳನ್ನು ತೆರೆಯಿತು. ಆಗ ಆ ಊರುಗಳೆಲ್ಲ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದೇ. ಎತ್ತರ ತಳಿ ಮತ್ತು ಗಿಡ್ಡ ತಳಿ ಸೇರಿಸಿದ ಮೊದಲ ಮಿಶ್ರ ತಳಿ 1932ರಲ್ಲಿ ನೀಲೇಶ್ವರದಲ್ಲಿ ಆಯಿತು. ತೊಂಬತ್ತು ವರ್ಷದ ಮೇಲೆ ಇಲ್ಲಿನ ರೈತ ಅಂಥ ಮಿಶ್ರ ತಳಿಯ ಸಸಿಯನ್ನೇ ಕೇಳಿ ಕೊಳ್ಳುತ್ತಾನೆ. 2016ರಲ್ಲಿ ಪೊಳ್ಳಾಚಿ ಕಡೆ ಸುರುಳಿ ಬಿಳಿನೊಣ ಕಂಡಾಗ, ಈಗ ಬೇರು ಸೊರಗು ರೋಗ ಹಬ್ಬುತ್ತಿರುವಾಗ, ರೈತರು ಓಡುವುದು ಸಂಶೋಧನಾ ಕೇಂದ್ರಕ್ಕೇ. ಇವತ್ತು ಬರೆದ ಒಂದು ಯೋಜನೆ ಯಾವ ಕಾಲಕ್ಕೆ, ಯಾರ ಹೊಟ್ಟೆಗೆ ಅನ್ನವಾಗುತ್ತದೆ ಎಂದು ಬರೆದವರಿಗೂ ಗೊತ್ತಿರುವುದಿಲ್ಲ.

ಇಲ್ಲಿನ ಕೈಮಗ್ಗದ ದೇವಾಂಗರ ಮನೆಗಳಲ್ಲಿ ಇನ್ನೂ ಕನ್ನಡ ಮಾತಾಡುತ್ತಾರೆ. ನಮ್ಮ ಕನ್ನಡದಂತಲ್ಲ, ಹಳೆಯದು, ತಮಿಳು ಬೆರೆತದ್ದು. ಅವರ ನೆಗಮಂ ಹತ್ತಿ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಅಂಥ ಗುರುತಿಗೆ ಅರ್ಜಿ ಹಾಕುವಾಗ ಸೀರೆ ಚೆನ್ನಾಗಿದೆ ಎಂದರೆ ಸಾಲದು. ಅದರ ಇತಿಹಾಸ, ನೇಯುವ ವಿಧಾನ, ಬೇರೆಡೆಯದಕ್ಕಿಂತ ಹೇಗೆ ಬೇರೆ ಎಂಬುದನ್ನೆಲ್ಲ ಕಾಗದದಲ್ಲಿ ತೋರಿಸಬೇಕು. ನೇಯುವವರ ಕೈಗೆ ಬರೆಯುವವರ ಕೈ ಸೇರಲೇಬೇಕು. ಆದರೆ ಅವರ ಮನೆಮಾತಿಗೆ ಹಾಗೆ ಸೇರುವ ಕೈ ನನಗೆ ಇಲ್ಲಿ ಇನ್ನೂ ಕಂಡಿಲ್ಲ. ನಮ್ಮದೂ ಅದೇ ಕಥೆಯಾಗಬಾರದು.

ಇನ್ನು ಆಕ್ಷೇಪಗಳು. "ನಮ್ಮ ಉಪನ್ಯಾಸಕರಿಗೇ ಆಸಕ್ತಿ ಇಲ್ಲ, ಸಂಬಳ ಬಂದರೆ ಸಾಕು" ಎನ್ನುತ್ತಾರೆ. ಅಂಥವರು ಇಲ್ಲವೆಂದಲ್ಲ. ಆದರೆ ಎರಡು ಸಲ ಸಹಿಗೆ ಅಲೆದು ಸೋತವರನ್ನು ಆಸಕ್ತಿ ಇಲ್ಲದವರು ಎಂದು ಕರೆಯಬೇಡಿ. "ದುಡ್ಡು ಕೊಟ್ಟರೆ ಅರ್ಜಿ ಬರೆದುಕೊಡುವ ಏಜೆಂಟರಿದ್ದಾರಲ್ಲ" ಎನ್ನುತ್ತಾರೆ. ಅದು ಇನ್ನೂ ಕೆಟ್ಟದ್ದು. ಬೇರೆಯವರು ಬರೆದ ಯೋಜನೆಯನ್ನು ನಡೆಸುವವರು ಯಾರು? ನನಗೆ ಬೇಕಿರುವುದು ಅಧ್ಯಾಪಕರ ಬದಲಿಗೆ ಬರೆಯುವವನಲ್ಲ, ಅವರು ಬರೆದದ್ದನ್ನು ಓದಿ ತಿದ್ದಿಸುವವನು. "ಬಡ ಮಕ್ಕಳ ಫೀಸಿಗೇ ಹಣ ಸಾಲದು, ಇದಕ್ಕೆಲ್ಲಿಂದ" ಎಂಬ ಪ್ರಶ್ನೆ ಮಾತ್ರ ಸರಿಯಾದದ್ದು. ಅದಕ್ಕೆ ನನ್ನ ಉತ್ತರ ಇಷ್ಟೆ. ಝಕಾತ್ ಬಡವರ ಹಕ್ಕು, ಅದರ ಒಂದು ಪೈಸೆಯನ್ನೂ ಮುಟ್ಟಬೇಡಿ. ವಿದ್ಯಾರ್ಥಿವೇತನವನ್ನೂ ಮುಟ್ಟಬೇಡಿ. ನಾನು ಕೇಳುತ್ತಿರುವುದು ಪೆಂಡಾಲು, ಫ್ಲೆಕ್ಸು, ಶಾಲು, ಸ್ಮರಣಿಕೆಯ ಹಣ.

ಲೆಕ್ಕ ಹಾಕಿ ನೋಡೋಣ. ನಮ್ಮ ನಾಲ್ಕೈದು ಕಾಲೇಜುಗಳು ಸೇರಿ ಒಂದು ಕೋಣೆ ಕೊಡಲಿ. ಕಡತ ಬಲ್ಲ, ಇಂಗ್ಲಿಷ್ ಬರೆಯಬಲ್ಲ ಒಬ್ಬರಿಗೆ ತಿಂಗಳಿಗೆ 35 ಸಾವಿರ ಎಂದರೆ ವರ್ಷಕ್ಕೆ 4 ಲಕ್ಷದ 20 ಸಾವಿರ. ನಿವೃತ್ತ ಪ್ರೊಫೆಸರ್‌ಗಳು, ಬ್ಯಾಂಕಿನಿಂದ ನಿವೃತ್ತರಾದವರು, ಲೆಕ್ಕ ಪರಿಶೋಧಕರು ನಮ್ಮಲ್ಲೇ ಇದ್ದಾರೆ. ತಿಂಗಳಿಗೆ ಎರಡು ಶನಿವಾರ ಬಂದು ಅರ್ಜಿ ಓದಿ ಕೊಡಲಿ. ಯಾವ ತಿಂಗಳು ಯಾವ ಅನುದಾನ ಎಂಬ ಒಂದು ಕ್ಯಾಲೆಂಡರ್ ಗೋಡೆಗೆ ಹಾಕಲಿ. ಹೊಸಬರಿಗೆ ಮೊದಲ ಪ್ರಯತ್ನಕ್ಕೆ ತಲಾ 50 ಸಾವಿರದಂತೆ ವರ್ಷಕ್ಕೆ ಆರು ಜನರಿಗೆ ಬೀಜಧನ ಕೊಟ್ಟರೆ 3 ಲಕ್ಷ. ಆ ಹಣದಲ್ಲಿ ಹತ್ತು ಮನೆಗೆ ಹೋಗಿ ಬಂದವರ ದೊಡ್ಡ ಅರ್ಜಿಗೆ ತೂಕ ಬರುತ್ತದೆ. ಮಂಜೂರಾದವರಿಗೆ ಎರಡನೇ ಕಂತು ತಡವಾದಾಗ ಕೈಸಾಲ ಕೊಡಲು 3 ಲಕ್ಷದ ಒಂದು ಸುತ್ತುನಿಧಿ ಇರಲಿ. ಕಂತು ಬಂದಾಗ ಅದು ವಾಪಸ್ ಬರುತ್ತದೆ. ಒಟ್ಟು ಮೊದಲ ವರ್ಷ 10 ಲಕ್ಷದ 20 ಸಾವಿರ. ಮುಂದಿನ ವರ್ಷಗಳಲ್ಲಿ 7 ಲಕ್ಷದ ಸುಮಾರು. ಒಂದು ಬ್ಲಾಕಿನ ಟೈಲ್ಸಿಗೆ ಇದಕ್ಕಿಂತ ಹೆಚ್ಚು ಹೋಗುತ್ತದೆ.

ಆಡಳಿತ ಮಂಡಳಿಗಳಿಗೆ ಎರಡೇ ಕೇಳಿಕೆ. ಶಿಫಾರಸು ಪತ್ರಕ್ಕೆ ಸಹಿ ಹಾಕುವ ಅಧಿಕಾರ ಊರಲ್ಲೇ ಇರುವ ಒಬ್ಬರಿಗೆ ಕೊಡಿ, ಎರಡು ದಿನದೊಳಗೆ ಸಹಿಯಾಗಲಿ. ಯೋಜನೆ ಸಿಕ್ಕಿದ ಅಧ್ಯಾಪಕರಿಗೆ ವಾರದ ಪಾಠದಲ್ಲಿ ನಾಲ್ಕು ಗಂಟೆ ಕಡಿಮೆ ಮಾಡಿ. ಇದಕ್ಕೆ ದಾನಿಗಳೂ ಬೇಡ, ಮನಸ್ಸು ಸಾಕು.

ದಾನಿಗಳೇ, ಅದರಲ್ಲೂ ಗಲ್ಫಿನಲ್ಲಿ ಬೆವರು ಸುರಿಸಿ ಕಳಿಸುವ ಸಹೋದರರೇ, ಈ ಕೋಣೆಗೆ ನಿಮ್ಮ ಹೆಸರಿನ ಕಲ್ಲು ಹಾಕಲು ಆಗುವುದಿಲ್ಲ. ಹಾಕಿದರೂ ಯಾರೂ ನೋಡುವುದಿಲ್ಲ. ಆದರೆ ಮುಂದೆ ಒಂದು ದಿನ ಬ್ಯಾರಿ ಹಾಡುಗಳ ಒಂದು ಸಂಪುಟ, ನಮ್ಮ ಮೀನುಗಾರರ ಬಗ್ಗೆ ಒಂದು ವರದಿ, ಬೀಡಿ ಕಟ್ಟುವವರ ಶ್ವಾಸಕೋಶದ ಬಗ್ಗೆ ಒಂದು ಅಧ್ಯಯನ ಬಂದರೆ ಅದರಲ್ಲಿ ನಿಮ್ಮ ಪಾಲು ಇರುತ್ತದೆ.

ಮೊನ್ನೆ ತಂಗಿಗೆ ಫೋನ್ ಮಾಡಿದ್ದೆ. ಆ ನಲವತ್ತು ಮನೆಗಳ ಪಟ್ಟಿ ಇನ್ನೂ ಇದೆಯಾ ಎಂದು ಕೇಳಿದೆ. ಇದೆ ಎಂದಳು. ಅದರಲ್ಲಿ ಈಗ ಮೂವತ್ತೊಂದು ಹೆಂಗಸರು ಉಳಿದಿದ್ದಾರೆ. ಬಜೆಟ್ಟಿನ ಪುಟ ನನಗೆ ಕಳಿಸು, ಲೆಕ್ಕ ನಾನು ಮಾಡಿಕೊಡುತ್ತೇನೆ ಎಂದಿದ್ದೇನೆ. ಸಹಿಯ ಕೆಲಸ ಮಾತ್ರ ನನ್ನಿಂದ ಆಗುವುದಿಲ್ಲ. ಅದನ್ನು ನೀವು ಮಾಡಿಸಿಕೊಡಬೇಕು.